ಯಾರಿಗೆ ಕಡಿಮೆ ಹಾನಿ?

ಇ-ಸಿಗರೇಟಿನ ಪರ ವಾದಿಸುವವರ ಬಳಿ ಒಂದು ಅಂಕಿ ಸದಾ ಸಿದ್ಧವಿರುತ್ತದೆ: ಸಿಗರೇಟಿಗಿಂತ ಶೇ 95ರಷ್ಟು ಕಡಿಮೆ ಹಾನಿ. 2015ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯೇ ಮುಂದಿಟ್ಟ ಅಂದಾಜು ಅದು. ಆದರೆ ಯಾರಿಗೆ ಕಡಿಮೆ ಎಂದು ಕೇಳದೆ ಅದನ್ನು ಒಪ್ಪುವಂತಿಲ್ಲ.

ಬ್ಯಾಟರಿಯಿಂದ ಕಾಯುವ ತಂತಿಯ ಸುರುಳಿ ನಿಕೋಟಿನ್ ಬೆರೆತ ದ್ರವವನ್ನು ಆವಿಯಾಗಿಸುತ್ತದೆ. ಇಲ್ಲಿ ಎಲೆ ಉರಿಯುವುದಿಲ್ಲ, ಹಾಗಾಗಿ ಟಾರ್ ಇಲ್ಲ. ಕ್ಯಾನ್ಸರಿನ ಮಟ್ಟಿಗೆ ಇದು ದೊಡ್ಡ ವ್ಯತ್ಯಾಸವೇ. ಹೃದಯದ ವಿಷಯ ಬೇರೆ. ಒಂದು ದಮ್ಮು ಎಳೆದೊಡನೆ ನಿಕೋಟಿನ್ ರಕ್ತಕ್ಕಿಳಿದು ಅಡ್ರಿನಲಿನ್ ಉಕ್ಕಿಸುತ್ತದೆ. ನಾಡಿ ಓಡುತ್ತದೆ, ರಕ್ತದೊತ್ತಡ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ದ್ರವ ಕಾದಾಗ ಹುಟ್ಟುವ ಅಕ್ರೋಲಿನ್‌ನಂಥ ರಾಸಾಯನಿಕಗಳು ನಾಳಗಳ ಒಳಪದರಕ್ಕೆ ಪೆಟ್ಟು ಕೊಡುತ್ತವೆ.

ಹಾಗೆಂದು ಭಯ ಹುಟ್ಟಿಸಲು ಸತ್ಯವನ್ನು ಹಿಗ್ಗಿಸಬೇಕಾಗಿಲ್ಲ. ಇ-ಸಿಗರೇಟಿಗೂ ಹೃದಯಾಘಾತಕ್ಕೂ ನಂಟು ಕಟ್ಟಿದ 2019ರ ಅಮೆರಿಕದ ಸಂಶೋಧನಾ ಲೇಖನವೊಂದನ್ನು, ಅದನ್ನು ಪ್ರಕಟಿಸಿದ್ದ ಪತ್ರಿಕೆಯೇ 2020ರಲ್ಲಿ ಹಿಂತೆಗೆದುಕೊಂಡಿತು. ಆಘಾತ ಮೊದಲೋ ಇ-ಸಿಗರೇಟ್ ಮೊದಲೋ ಎಂಬುದೇ ಅದರಲ್ಲಿ ಖಚಿತವಾಗಿರಲಿಲ್ಲ. ಅದೇ 2019ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದವರು 114 ಧೂಮಪಾನಿಗಳನ್ನು ಪರೀಕ್ಷಿಸಿದರು. ಸಿಗರೇಟ್ ಬಿಟ್ಟು ಇ-ಸಿಗರೇಟಿಗೆ ಹೊರಳಿದವರ ರಕ್ತನಾಳಗಳು ಒಂದೇ ತಿಂಗಳಲ್ಲಿ ಸುಧಾರಿಸಿದ್ದವು.

ಅಂದರೆ ಲಾಭ ಸಿಗುವುದು ಸಿಗರೇಟನ್ನು ಪೂರ್ತಿ ಬಿಟ್ಟವರಿಗೆ. ಮನೆಯಲ್ಲಿ ಇ-ಸಿಗರೇಟ್, ಚಹಾದಂಗಡಿಯಲ್ಲಿ ಸಿಗರೇಟ್ ಎನ್ನುವವರಿಗೆ ಅಷ್ಟು ಲಾಭವಿಲ್ಲ. ದಿನಕ್ಕೆ ಒಂದೇ ಸಿಗರೇಟ್ ಸೇದಿದರೂ, ಇಪ್ಪತ್ತು ಸೇದುವವರಿಗಿರುವ ಹೆಚ್ಚುವರಿ ಹೃದ್ರೋಗದ ಅಪಾಯದ ಸುಮಾರು ಅರ್ಧದಷ್ಟು ಉಳಿದೇ ಇರುತ್ತದೆ ಎಂದು 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಶ್ಲೇಷಣೆ ತೋರಿಸಿದೆ.

ಇನ್ನು ಎಂದೂ ಬೀಡಿ, ಸಿಗರೇಟ್ ಮುಟ್ಟದ ಹುಡುಗನಿಗೆ ಶೇ 95ರ ಲೆಕ್ಕವೇ ಅನ್ವಯಿಸುವುದಿಲ್ಲ. ಮಾವಿನ ಹಣ್ಣಿನದೋ ಪುದೀನದ್ದೋ ರುಚಿಗೆ ಮರುಳಾಗಿ ಶುರುವಿಟ್ಟರೆ ಅವನಿಗೆ ಸಿಗುವುದು ಬರೀ ಚಟ. ಈ ಸಾಧನ ಚೀನಾದ ಮಾರುಕಟ್ಟೆಗೆ ಬಂದದ್ದು 2004ರಲ್ಲಿ. ಹೃದ್ರೋಗ ಬಲಿಯಲು ದಶಕಗಳು ಹಿಡಿಯುತ್ತವೆ. ಹದಿಹರೆಯದಲ್ಲಿ ಇದನ್ನು ಹಿಡಿದವರ ಅರವತ್ತನೇ ವಯಸ್ಸನ್ನು ಯಾವ ವೈದ್ಯರೂ ಇನ್ನೂ ಕಂಡಿಲ್ಲ.

ಆದ್ದರಿಂದಲೇ ಕರ್ನಾಟಕ 2016ರಲ್ಲಿ, ಇಡೀ ದೇಶ 2019ರಲ್ಲಿ ಇ-ಸಿಗರೇಟಿನ ಮಾರಾಟವನ್ನು ನಿಷೇಧಿಸಿದ್ದು ಸರಿಯಾದ ಹೆಜ್ಜೆ. ಆದರೆ ನಿಷೇಧ ಅರ್ಧ ಕೆಲಸ ಮಾತ್ರ. ಬೀಡಿ, ಸಿಗರೇಟ್ ಬಿಡಬೇಕೆನ್ನುವವರಿಗೆ ಔಷಧಿ ಅಂಗಡಿಯಲ್ಲಿ ನಿಕೋಟಿನ್ ಗಮ್ ಸಿಗುತ್ತದೆ. 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಮನೆಯಲ್ಲಿ ಧೂಮಪಾನಿಗಳಿದ್ದರೆ ಈ ಸಂಖ್ಯೆಯನ್ನು ಇಂದೇ ಅವರಿಗೆ ಕೊಡಿ.