ಆಟಗಾರನಿಗೆ ಕೂಲಿ ಸಿಕ್ಕಿತು, ಬಿಲ್ ಯಾರ ತಲೆಗೆ?

ಬರುವ ಜೂನ್ 11ಕ್ಕೆ ವಿಶ್ವಕಪ್ ಫುಟ್ಬಾಲ್ ಶುರು. ಅಮೆರಿಕ, ಕೆನಡಾ, ಮೆಕ್ಸಿಕೊ ಒಟ್ಟಾಗಿ ನಡೆಸುವ ಈ ಕೂಟದಲ್ಲಿ ಮೊದಲ ಸಲ 48 ತಂಡಗಳು, 104 ಪಂದ್ಯಗಳು. ಜುಲೈ 19ರಂದು ನ್ಯೂಜೆರ್ಸಿಯಲ್ಲಿ ಫೈನಲ್. ಕತರ್ ಇದೆ, ಸೌದಿ ಅರೇಬಿಯಾ ಇದೆ, ಜೋರ್ಡಾನ್ ಮೊದಲ ಸಲ ಅರ್ಹತೆ ಪಡೆದಿದೆ. ಇನ್ನು ಊರಿನ ಮನೆಗಳಲ್ಲೂ ಗಲ್ಫ್‌ನ ರೂಮುಗಳಲ್ಲೂ ನಿದ್ದೆ ಕಡಿಮೆ, ವಾದ ಜಾಸ್ತಿ.

ಆದರೆ ಒಂದು ತಮಾಷೆ ನೋಡಿ. ಆತಿಥ್ಯ ವಹಿಸುವ ಅಮೆರಿಕದಲ್ಲಿ ಫುಟ್ಬಾಲ್ ಅಂದರೆ ಈ ಆಟ ಅಲ್ಲ. ಇದಕ್ಕೆ ಅಲ್ಲಿ ಸಾಕರ್ ಅಂತಾರೆ. ಫುಟ್ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಹೆಲ್ಮೆಟ್ ತೊಟ್ಟು, ಮೈಗೆ ಮೈ ಗುದ್ದಿ ಆಡುವ ಆಟ. ವಿಶ್ವಕಪ್ ನಡೆಯುವ ಅಮೆರಿಕದ 11 ಮೈದಾನಗಳೂ ಆ ಆಟದ ವೃತ್ತಿಪರ ತಂಡಗಳ ಮೈದಾನಗಳೇ. ಆ ಆಟದ ದೊಡ್ಡ ಶಕ್ತಿ ಇರುವುದು ಕ್ಲಬ್ಬುಗಳಲ್ಲಿ ಮಾತ್ರ ಅಲ್ಲ, ಕಾಲೇಜುಗಳಲ್ಲೂ ಇದೆ. ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ 1,07,601 ಮಂದಿ ಕೂರಬಹುದು. ವಿದ್ಯಾರ್ಥಿಗಳ ಆಟ ನೋಡಲಿಕ್ಕೆ ಲಕ್ಷ ಜನ!

ಈ ಕಾಲೇಜು ಫುಟ್ಬಾಲ್‌ನಲ್ಲಿ ಈಗ ಒಂದು ದೊಡ್ಡ ಪಲ್ಲಟ ನಡೆದಿದೆ. ಅದರ ಬಿಸಿ ತಟ್ಟುವುದು ನಮ್ಮ ಫುಟ್ಬಾಲ್‌ಗೆ, ಅದರಲ್ಲೂ ಹುಡುಗಿಯರ ಸಾಕರ್‌ಗೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಬೇರು ಒಂದೇ

ಎರಡು ಆಟಗಳೂ ಮೂಲದಲ್ಲಿ ಹತ್ತಿರದವು. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ ನಡೆದ ಪಂದ್ಯವನ್ನು ಅಮೆರಿಕನ್ನರು ತಮ್ಮ ಮೊದಲ ಕಾಲೇಜು ಫುಟ್ಬಾಲ್ ಪಂದ್ಯ ಎಂದು ಲೆಕ್ಕ ಹಾಕುತ್ತಾರೆ. ಒಂದೊಂದು ಕಡೆ 25 ಜನ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವಂತಿರಲಿಲ್ಲ, ಎಸೆಯುವಂತಿರಲಿಲ್ಲ. ಅಂದರೆ ಅದು ಹೆಚ್ಚುಕಡಿಮೆ ಸಾಕರ್ರೇ. ರಟ್ಗರ್ಸ್ 6-4ರಲ್ಲಿ ಗೆದ್ದಿತು. ಆಮೇಲೆ ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪ್ ಮುಂತಾದವರು 1880ರ ದಶಕದಲ್ಲಿ ನಿಯಮ ಬದಲಿಸುತ್ತಾ ಹೋದರು, ದಾರಿ ಬೇರೆಯಾಯಿತು.

ಆಟ ಎಷ್ಟು ಒರಟಾಯಿತೆಂದರೆ ಮೈದಾನದಲ್ಲೇ ಹುಡುಗರು ಸಾಯತೊಡಗಿದರು. 1905ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜಿನವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಬೇಕಾಯಿತು. ಮರುವರ್ಷ ಹುಟ್ಟಿದ ಸಂಸ್ಥೆಯೇ 1910ರಿಂದ ಎನ್‌ಸಿಎಎ ಎಂಬ ಹೆಸರಿನಲ್ಲಿ ಕಾಲೇಜು ಕ್ರೀಡೆಯನ್ನು ಆಳುತ್ತಿದೆ.

‘ವಿದ್ಯಾರ್ಥಿ’ ಎಂಬ ಪದದ ಬೆಲೆ

ಎನ್‌ಸಿಎಎಯ ಮೂಲ ಮಂತ್ರ ಒಂದೇ ಆಗಿತ್ತು: ಆಟಗಾರನಿಗೆ ಸಂಬಳ ಇಲ್ಲ. ಫೀಸು, ಹಾಸ್ಟೆಲ್, ಊಟ, ಪುಸ್ತಕ ಕೊಡಬಹುದು. ಅದಕ್ಕಿಂತ ಹೆಚ್ಚು ಕೊಟ್ಟರೆ ಶಿಕ್ಷೆ.

ಕೇಳಲಿಕ್ಕೆ ಚಂದ. ವಿದ್ಯೆಗೆ ಬಂದವನಿಗೆ ಸಂಬಳ ಯಾಕೆ ಅಂತ ಯಾರಿಗಾದರೂ ಅನಿಸಬಹುದು. ಆದರೆ ಹಿಂದಿನ ಕತೆ ಬೇರೆ. 1955ರಲ್ಲಿ ಕೊಲರಾಡೊ ರಾಜ್ಯದ ಒಬ್ಬ ಕಾಲೇಜು ಆಟಗಾರ ಪಂದ್ಯದಲ್ಲಿ ತಲೆಗೆ ಏಟು ಬಿದ್ದು ತೀರಿಹೋದ. ಅವನ ಹೆಂಡತಿ ಕಾರ್ಮಿಕರಿಗೆ ಸಿಗುವ ಪರಿಹಾರ ಕೇಳಿದಳು. ಕಾಲೇಜಿಗೆ ಫುಟ್ಬಾಲ್ ಒಂದು ವ್ಯಾಪಾರವಲ್ಲ ಎಂದು 1957ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಪರಿಹಾರ ನಿರಾಕರಿಸಿತು. ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಪದವನ್ನು ಎನ್‌ಸಿಎಎ ಚಾಲ್ತಿಗೆ ತಂದದ್ದು ಇಂಥ ಪರಿಹಾರದ ಬೇಡಿಕೆಗಳ ಕಾಲದಲ್ಲೇ. ಆಗ ಸಂಸ್ಥೆಯ ಮುಖ್ಯಸ್ಥರಾಗಿದ್ದ ವಾಲ್ಟರ್ ಬಯರ್ಸ್ ನಿವೃತ್ತಿಯ ನಂತರ ಇದನ್ನು ತಾವೇ ಬರೆದಿದ್ದಾರೆ.

ವ್ಯಾಪಾರ ಅಲ್ಲ ಎಂದ ಆ ಆಟ ಮುಂದೆ ಎಂಥ ವ್ಯಾಪಾರ ಆಯಿತು! 1984ರಲ್ಲಿ ಟಿವಿ ಹಕ್ಕಿನ ಮೇಲೆ ಎನ್‌ಸಿಎಎಗಿದ್ದ ಹಿಡಿತವನ್ನು ಅಮೆರಿಕದ ಸುಪ್ರೀಂ ಕೋರ್ಟ್ ಮುರಿದ ಮೇಲೆ ದೊಡ್ಡ ಕಾಲೇಜುಗಳ ಗುಂಪುಗಳು ತಾವೇ ಚಾನೆಲ್‌ಗಳ ಜೊತೆ ಮಾತಾಡತೊಡಗಿದವು. ಕೋಚ್‌ಗಳ ಸಂಬಳ ಆಕಾಶಕ್ಕೇರಿತು. 2023ರಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆದಾಗ ಒಪ್ಪಂದದ ಪ್ರಕಾರ ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರ್‌ಗೂ ಹೆಚ್ಚು. ಕೆಲಸ ಮಾಡಿದ್ದಕ್ಕಲ್ಲ, ಇನ್ನು ಮಾಡಬೇಡ ಅಂದದ್ದಕ್ಕೆ.

ಆಟಗಾರನಿಗೆ ಬೇರೆ ದಾರಿಯಾದರೂ ಇತ್ತಾ? ಇಲ್ಲ. ಸಾಕರ್‌ನಲ್ಲಿ ಪ್ರತಿಭೆ ಇರುವ ಹುಡುಗನನ್ನು ಕ್ಲಬ್ಬುಗಳೇ ಬೆಳೆಸುತ್ತವೆ. ಪೆನ್ಸಿಲ್ವೇನಿಯಾದ ಕ್ರಿಶ್ಚಿಯನ್ ಪುಲಿಸಿಕ್ ಕಾಲೇಜಿನ ಮುಖ ನೋಡದೆ ಹದಿಹರೆಯದಲ್ಲೇ ಜರ್ಮನಿಯ ಡಾರ್ಟ್ಮಂಡ್ ಸೇರಿದ. ಆಟಗಾರ ಬೇರೆ ದೇಶದ ಕ್ಲಬ್ಬಿಗೆ ಮಾರಾಟವಾದರೆ, 12ರಿಂದ 23ರ ವಯಸ್ಸಿನಲ್ಲಿ ಅವನನ್ನು ತಯಾರು ಮಾಡಿದ ಸಣ್ಣ ಕ್ಲಬ್ಬುಗಳಿಗೂ ಆ ಹಣದಲ್ಲಿ ನೂರಕ್ಕೆ 5 ಪಾಲು ಹೋಗಬೇಕೆಂದು ಫಿಫಾ ನಿಯಮ ಇದೆ. ಆದರೆ ಅಮೆರಿಕನ್ ಫುಟ್ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಹೈಸ್ಕೂಲ್ ಮುಗಿದು ಮೂರು ವರ್ಷ ಆಗುವ ತನಕ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಆ ಮೂರು ವರ್ಷ ಕಾಲೇಜೇ ಗತಿ. ಬೇರೆ ಅಂಗಡಿ ಇಲ್ಲದ ಊರಿನಲ್ಲಿ ಅಂಗಡಿಯವನು ಹೇಳಿದ್ದೇ ರೇಟು ಅಲ್ವಾ?

ಕೋರ್ಟ್ ಕೊಟ್ಟ ಪಾಲು

ಈ ಗೋಡೆ ಒಂದೊಂದೇ ಕಲ್ಲಾಗಿ ಬಿತ್ತು. 2021ರಲ್ಲಿ ಆಲ್ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಅದೇ ವರ್ಷ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಫೋಟೊ ಬಳಸಿ ಜಾಹೀರಾತಿನ ಹಣ ಪಡೆಯಬಹುದು ಎಂದಾಯಿತು. ಕೊನೆಗೆ 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ‘ಹೌಸ್’ ಪ್ರಕರಣದ ರಾಜಿ ಒಪ್ಪಂದಕ್ಕೆ ಅಂಗೀಕಾರ ಕೊಟ್ಟರು.

ಅದರ ಮುಖ್ಯ ಅಂಶ ಎರಡು. ಒಂದು, 2016ರ ನಂತರ ಆಡಿದವರಿಗೆ ಹಿಂದಿನ ಬಾಕಿಯಾಗಿ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್. ಇನ್ನೊಂದು, ಇನ್ನು ಮುಂದೆ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಪಾಲು ಕೊಡಬಹುದು. 2025-26ಕ್ಕೆ ಇದರ ಮಿತಿ ಒಂದು ವಿವಿಗೆ ಸುಮಾರು 2.05 ಕೋಟಿ ಡಾಲರ್.

ದುಡಿದವನಿಗೆ ಪಾಲು ಸಿಕ್ಕಿತು, ಇದರಲ್ಲಿ ತಕರಾರಿಗೆ ಜಾಗ ಇಲ್ಲ. ಪ್ರಶ್ನೆ ಇರುವುದು ಆ ಪಾಲು ಹಂಚುವ ಕ್ರಮದಲ್ಲಿ. ಹಲವು ದೊಡ್ಡ ವಿವಿಗಳು ಹಿಡಿದಿರುವ ಲೆಕ್ಕ ಹೆಚ್ಚುಕಡಿಮೆ ಹೀಗಿದೆ: ನೂರರಲ್ಲಿ 75 ಫುಟ್ಬಾಲ್‌ಗೆ, 15 ಪುರುಷರ ಬಾಸ್ಕೆಟ್‌ಬಾಲ್‌ಗೆ, 5 ಮಹಿಳಾ ಬಾಸ್ಕೆಟ್‌ಬಾಲ್‌ಗೆ, ಉಳಿದ 5 ಬಾಕಿ ಎಲ್ಲ ಆಟಗಳಿಗೆ. ಆ ಕೊನೆಯ ಐದರಲ್ಲಿ ಸಾಕರ್, ವಾಲಿಬಾಲ್, ಈಜು, ಓಟ ಎಲ್ಲ ಬಂತು. ಮಿತಿಯಷ್ಟೂ ಹಣ ಕೊಟ್ಟರೂ ಅಷ್ಟು ಆಟಗಳ ಹುಡುಗ ಹುಡುಗಿಯರಿಗೆಲ್ಲ ಸೇರಿ ಬರುವುದು ಸುಮಾರು 10 ಲಕ್ಷ ಡಾಲರ್.

ಹುಡುಗಿಯರ ಗೆಲುವಿನ ಹಿಂದೆ

ಇಲ್ಲಿ ಸಾಕರ್ ಕತೆಗೆ ಬರೋಣ. ಪುರುಷರ ಸಾಕರ್‌ನಲ್ಲಿ ಅಮೆರಿಕ ಒಂದು ಸಾಧಾರಣ ತಂಡ. ಮಹಿಳೆಯರದ್ದು ಹಾಗಲ್ಲ. 1991, 1999, 2015, 2019, ಹೀಗೆ ನಾಲ್ಕು ವಿಶ್ವಕಪ್. 2024ರ ಪ್ಯಾರಿಸ್ ಸೇರಿ ಐದು ಒಲಿಂಪಿಕ್ ಚಿನ್ನ. ಇದು ಹೇಗೆ ಆಯಿತು?

ಉತ್ತರ 1972ರ ಒಂದು ಕಾನೂನಿನಲ್ಲಿದೆ. ಟೈಟಲ್ ನೈನ್ ಎಂಬ ಈ ಕಾನೂನಿನಂತೆ ಸರಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆ ಹೆಣ್ಣು ಗಂಡು ಭೇದ ಮಾಡುವಂತಿಲ್ಲ. ಫುಟ್ಬಾಲ್ ತಂಡವೊಂದಕ್ಕೇ 85 ಹುಡುಗರಿಗೆ ಸ್ಕಾಲರ್‌ಶಿಪ್ ಕೊಡುತ್ತಿದ್ದ ಕಾಲೇಜುಗಳು ಸಮತೋಲನಕ್ಕಾಗಿ ಹುಡುಗಿಯರಿಗೂ ತಂಡ ಕಟ್ಟಬೇಕಾಯಿತು. ಸಾಕರ್ ಇದಕ್ಕೆ ಅನುಕೂಲ. ಖರ್ಚು ಕಡಿಮೆ, ಆಡುವವರ ಸಂಖ್ಯೆ ಹೆಚ್ಚು. ಅದೇ ಶತಮಾನದಲ್ಲಿ ಇಂಗ್ಲೆಂಡಿನ ಫುಟ್ಬಾಲ್ ಸಂಸ್ಥೆ 1921ರಿಂದ ಸುಮಾರು 50 ವರ್ಷ ಹೆಂಗಸರಿಗೆ ತನ್ನ ಕ್ಲಬ್ಬುಗಳ ಮೈದಾನ ಮುಚ್ಚಿತ್ತು. ಬ್ರೆಜಿಲ್‌ನಲ್ಲಿ 1941ರಿಂದ 1979ರ ತನಕ ನಿಷೇಧ. ಬೇರೆಯವರು ಗೇಟಿಗೆ ಬೀಗ ಹಾಕಿದ್ದಾಗ ಅಮೆರಿಕದ ಕಾಲೇಜುಗಳು ಮೈದಾನ ಕೊಟ್ಟವು.

ನಾರ್ತ್ ಕ್ಯಾರೊಲಿನಾ ವಿವಿಯ ಕೋಚ್ ಆ್ಯನ್ಸನ್ ಡೊರನ್ಸ್ ಅವರೇ 1991ರಲ್ಲಿ ಅಮೆರಿಕಕ್ಕೆ ಮೊದಲ ಮಹಿಳಾ ವಿಶ್ವಕಪ್ ಗೆದ್ದುಕೊಟ್ಟವರು. ಮಿಯಾ ಹ್ಯಾಮ್ ಅವರದೇ ಶಿಷ್ಯೆ. ಮೇಗನ್ ರಪಿನೊ ಪೋರ್ಟ್‌ಲ್ಯಾಂಡ್ ವಿವಿಯಿಂದ, ಅಲೆಕ್ಸ್ ಮೋರ್ಗನ್ ಬರ್ಕ್ಲಿಯಿಂದ ಬಂದವರು. 1999ರ ಫೈನಲ್ ನೋಡಲು 90,185 ಮಂದಿ ಸೇರಿದ್ದ ರೋಸ್ ಬೌಲ್ ಕೂಡ ಕಾಲೇಜು ಫುಟ್ಬಾಲ್‌ನ ಹಳೇ ಮೈದಾನವೇ. 2022ರಲ್ಲಿ ಇದೇ ತಂಡ ಸಮಾನ ವೇತನದ ಹೋರಾಟದಲ್ಲಿ 2.4 ಕೋಟಿ ಡಾಲರ್‌ನ ರಾಜಿ ಪಡೆಯಿತು. ಈಗ ಪುರುಷರ ಮತ್ತು ಮಹಿಳೆಯರ ವಿಶ್ವಕಪ್ ಬಹುಮಾನದ ಹಣವನ್ನು ಒಟ್ಟು ಸೇರಿಸಿ ಸಮವಾಗಿ ಹಂಚುತ್ತಾರೆ.

ಕತ್ತರಿ ಬೀಳುವುದು ಎಲ್ಲಿಗೆ?

ದೊಡ್ಡ ವಿವಿಗಳಲ್ಲಿ ಸಣ್ಣ ಆಟಗಳ ಖರ್ಚು ಬಹುಪಾಲು ನಡೆಯುವುದು ಫುಟ್ಬಾಲ್ ಆದಾಯದಿಂದ. ಆ ಆದಾಯದಲ್ಲಿ 2 ಕೋಟಿ ಡಾಲರ್ ಆಟಗಾರರಿಗೆ ಹೋದರೆ ಉಳಿದದ್ದಕ್ಕೆ ಎಲ್ಲಿಂದ ತರುವುದು ಅಂತ ಆಡಳಿತದವರು ಕೇಳುತ್ತಿದ್ದಾರೆ. ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ವಿವಿ 2025ರ ಮಾರ್ಚ್‌ನಲ್ಲಿ ಈಜು ಮತ್ತು ಡೈವಿಂಗ್ ತಂಡವನ್ನು ಕೈಬಿಟ್ಟಿತು. ಹೌಸ್ ಒಪ್ಪಂದದ ಹೊರೆಯೂ ಒಂದು ಕಾರಣ ಎಂದಿತು. ಆ ಮೊಕದ್ದಮೆಗೆ ತನ್ನ ಹೆಸರು ಕೊಟ್ಟ ಗ್ರಾಂಟ್ ಹೌಸ್ ಸ್ವತಃ ಈಜುಗಾರ!

ಹುಡುಗಿಯರ ಕಡೆಯವರೂ ಸುಮ್ಮನೆ ಕೂತಿಲ್ಲ. ಹಿಂದಿನ ಬಾಕಿಯ ಹಂಚಿಕೆ ಟೈಟಲ್ ನೈನ್‌ಗೆ ವಿರುದ್ಧ ಎಂದು ಸಾಕರ್, ವಾಲಿಬಾಲ್ ಮತ್ತು ಓಟದ ಎಂಟು ಆಟಗಾರ್ತಿಯರು ಮೇಲ್ಮನವಿ ಹಾಕಿದರು. ಹೊಸ ಪಾವತಿಗೆ ಈ ಕಾನೂನು ಅನ್ವಯಿಸುತ್ತದೆ ಎಂದು 2025ರ ಜನವರಿಯಲ್ಲಿ ಬೈಡನ್ ಸರಕಾರದ ಶಿಕ್ಷಣ ಇಲಾಖೆ ಹೇಳಿತ್ತು. ಫೆಬ್ರವರಿಯಲ್ಲಿ ಟ್ರಂಪ್ ಸರಕಾರ ಅದನ್ನು ವಾಪಸು ಪಡೆಯಿತು.

ಒಂದು ಒಳ್ಳೆಯ ಬದಲಾವಣೆಯೂ ಇದೆ ಅನ್ನಿ. ಹಿಂದೆ ಮಹಿಳಾ ಸಾಕರ್ ತಂಡಕ್ಕೆ 14, ಪುರುಷರ ತಂಡಕ್ಕೆ 9.9 ಸ್ಕಾಲರ್‌ಶಿಪ್ ಮಾತ್ರ ಎಂಬ ಮಿತಿ ಇತ್ತು. ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಈಗ ತಂಡದಲ್ಲಿ 28 ಜನ ಇರಬಹುದು, ಬೇಕಾದರೆ ಎಲ್ಲರಿಗೂ ಸ್ಕಾಲರ್‌ಶಿಪ್ ಕೊಡಬಹುದು. ಆದರೆ ‘ಕೊಡಬಹುದು’ ಬೇರೆ, ‘ಕೊಡುತ್ತಾರೆ’ ಬೇರೆ. ಸ್ಕಾಲರ್‌ಶಿಪ್ ಇಲ್ಲದೆ ಆಸೆಯಿಂದ ತಂಡದ ಜೊತೆ ಅಭ್ಯಾಸ ಮಾಡುತ್ತಿದ್ದ ಎಷ್ಟೋ ಮಕ್ಕಳಿಗೆ 28ರ ಗೆರೆಯ ಹೊರಗೆ ಜಾಗ ಇಲ್ಲ.

ಹಣ ಇಲ್ಲ ಎಂಬ ಮಾತನ್ನು ಹಾಗೇ ನಂಬುವುದು ಕಷ್ಟ. ಕೆಲಸ ಬಿಡಿಸಲು ಒಬ್ಬ ಕೋಚ್‌ಗೆ 7.5 ಕೋಟಿ ಡಾಲರ್ ಕೊಡಲು ಒಪ್ಪುವ ವ್ಯವಸ್ಥೆಗೆ ಇಡೀ ಸಾಕರ್ ತಂಡದ ಖರ್ಚು ಭಾರವಾಗುತ್ತದೆಯೇ? ಫುಟ್ಬಾಲ್ ಆಟಗಾರನಿಗೆ ಕೊಟ್ಟದ್ದು ತಪ್ಪಲ್ಲ. ಆ ದುಡ್ಡನ್ನು ಮೇಲಿನವರ ಸಂಬಳದಿಂದ, ಆಡಂಬರದ ಕಟ್ಟಡಗಳಿಂದ ಹೊಂದಿಸುವುದು ಬಿಟ್ಟು ದನಿ ಇಲ್ಲದವರ ತಟ್ಟೆಯಿಂದ ತೆಗೆಯುವುದು ತಪ್ಪು. ಇಬ್ಬರು ಬಡವರನ್ನು ಜಗಳಕ್ಕೆ ಬಿಟ್ಟು ಯಜಮಾನ ಪಕ್ಕಕ್ಕೆ ಸರಿಯುವುದು ಹಳೇ ಉಪಾಯ.

ಇದರ ಪರಿಣಾಮ ಅಂತಾರಾಷ್ಟ್ರೀಯ ಮೈದಾನದಲ್ಲೂ ಕಾಣಿಸೀತು. ಯುರೋಪಿನ ಕ್ಲಬ್ಬುಗಳು ಈಗ ಹುಡುಗಿಯರ ಮೇಲೆ ಹಣ ಹಾಕುತ್ತಿವೆ. 2023ರ ವಿಶ್ವಕಪ್‌ನಲ್ಲಿ ಅಮೆರಿಕ ಹದಿನಾರರ ಘಟ್ಟದಲ್ಲೇ ಸ್ವೀಡನ್‌ಗೆ ಸೋತು ಮನೆಗೆ ಹೋಯಿತು, ಕಪ್ ಸ್ಪೇನ್ ಪಾಲಾಯಿತು. ಇಂಥ ಹೊತ್ತಿನಲ್ಲಿ ಕಾಲೇಜಿನ ಬುಡವೇ ಸಡಿಲವಾದರೆ ಹಳೇ ಮೇಲುಗೈ ಉಳಿಯುವುದು ಕಷ್ಟ.

ನಮ್ಮ ಮಕ್ಕಳು ಹೊರಡುವಾಗ

ಅಮೆರಿಕದ ಕಾಲೇಜು ಸಾಕರ್ ತಂಡಗಳಲ್ಲಿ ಹೊರದೇಶದ ಹುಡುಗರು ಬಹಳ ಇದ್ದಾರೆ. ಹೊರಗೆ ಕಲಿಯಲು ಹೋಗುವ ನಮ್ಮ ಮಕ್ಕಳಲ್ಲೂ ಚೆನ್ನಾಗಿ ಆಡುವವರಿದ್ದಾರೆ. ಗಲ್ಫ್‌ನಲ್ಲಿ ಬೆಳೆದವರು ಇನ್ನೂ ಹೆಚ್ಚು ಆಸೆ ಇಟ್ಟುಕೊಂಡಿರಬಹುದು. ಅಂಥ ಮನೆಗಳ ಉಮ್ಮ, ಬಾಪ ಮೂರು ವಿಷಯ ತಿಳಿದಿರಬೇಕು.

ಮೊದಲನೆಯದು, ವಿದ್ಯಾರ್ಥಿ ವೀಸಾ ಎಫ್-1ರಲ್ಲಿ ಕೆಲಸಕ್ಕೆ ಕಟ್ಟುನಿಟ್ಟಿನ ಮಿತಿ ಇದೆ. ಅಲ್ಲಿನ ಆಟಗಾರ ಪಡೆಯುವ ಜಾಹೀರಾತಿನ ಹಣ, ಆದಾಯದ ಪಾಲು ಹೊರದೇಶದ ಹುಡುಗನಿಗೆ ಬಹುತೇಕ ಮುಚ್ಚಿದ ಬಾಗಿಲು. ಯಾರೋ ಏಜೆಂಟ್ ಆಸೆ ತೋರಿಸಿದರೆ ಮೊದಲು ಆ ವಿವಿಯ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿ. ವೀಸಾ ಹೋದರೆ ಆಟವೂ ಹೋಯಿತು, ಓದೂ ಹೋಯಿತು.

ಎರಡನೆಯದು, ಸ್ಕಾಲರ್‌ಶಿಪ್ ಎಂದರೆ ಯಾವಾಗಲೂ ಪೂರ್ತಿ ಫೀಸು ಅಲ್ಲ. ಸಾಕರ್‌ನಲ್ಲಿ ಅದನ್ನು ಹರಿದು ಹಂಚುವುದೇ ರೂಢಿ. ಐವಿ ಲೀಗ್ ಮತ್ತು ಮೂರನೇ ದರ್ಜೆಯ ಕಾಲೇಜುಗಳಲ್ಲಿ ಆಟದ ಸ್ಕಾಲರ್‌ಶಿಪ್ಪೇ ಇಲ್ಲ. ಎಷ್ಟು ಭಾಗ, ಎಷ್ಟು ವರ್ಷ, ಪೆಟ್ಟಾದರೆ ಏನು ಎಂಬುದನ್ನು ಬರಹದಲ್ಲಿ ಪಡೆಯಿರಿ.

ಮೂರನೆಯದು ಊರಲ್ಲೇ ಇರುವವರಿಗೂ ಅನ್ವಯ. ನಮ್ಮ ಕಾಲೇಜುಗಳೂ ಕ್ರೀಡಾ ಕೋಟಾದಲ್ಲಿ ಸೀಟು, ಹಾಸ್ಟೆಲ್ ಕೊಟ್ಟು ಮಕ್ಕಳನ್ನು ಕರೆಯುತ್ತವೆ, ಒಳ್ಳೆಯದೇ. ಆದರೆ ಆ ಮಗು ಕ್ಲಾಸಿನಲ್ಲಿ ಕೂರುತ್ತದೆಯೇ, ಮೊಣಕಾಲು ಮುರಿದರೆ ಆಸ್ಪತ್ರೆ ಖರ್ಚು ಯಾರದ್ದು, ಆಡಲಾಗದೆ ಹೋದರೆ ಸೀಟು ಉಳಿಯುತ್ತದೆಯೇ ಎಂದು ಕೇಳಿ. 1957ರಲ್ಲಿ ಆ ವಿಧವೆಗೆ ಇಲ್ಲ ಅಂದದ್ದು ಇಂಥದೇ ಒಂದು ಪ್ರಶ್ನೆಗೆ. ಅದಕ್ಕೆ ಅಲ್ಲಿ ಉತ್ತರ ಬರಲು ಎರಡು ತಲೆಮಾರು ಬೇಕಾಯಿತು. ನಾವು ಸೇರಿಸುವ ದಿನವೇ ಕೇಳಿದರೆ ಅಷ್ಟು ಕಾಯಬೇಕಾಗಿಲ್ಲ.