ಕ್ಷಯರೋಗವೂ ಊಟದ ತಟ್ಟೆಯೂ

2025ನೆಯ ಇಸವಿಯೊಳಗೆ ಕ್ಷಯವನ್ನು ದೇಶದಿಂದ ತೊಲಗಿಸುವುದಾಗಿ ಕೇಂದ್ರ ಸರಕಾರವು 2018ರಲ್ಲಿ ಸಾರಿತ್ತು. ಗಡುವು ಬಂದಿತು, ರೋಗ ಹೋಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ, 2023ರಲ್ಲಿ ಜಗತ್ತಿನ ಹೊಸ ಕ್ಷಯರೋಗಿಗಳಲ್ಲಿ ಕಾಲು ಪಾಲಿಗಿಂತ ಹೆಚ್ಚಿನವರು ಭಾರತದವರೇ. ಔಷಧವುಂಟು, ಅದು ಉಚಿತವಾಗಿಯೂ ದೊರೆಯುತ್ತದೆ. ಆದರೂ ಹೀಗೇಕೆ? ಉತ್ತರದ ಒಂದು ಭಾಗವು ಪ್ರಯೋಗಶಾಲೆಯ ಇಲಿಗಳಿಂದ ದೊರೆತಿದೆ. ಒಂದೇ ಕೋಣೆಯಲ್ಲಿ ಹತ್ತು ಮಂದಿ ಮಲಗುವ ನಮ್ಮವರು ಅದನ್ನು ಅವಶ್ಯ ತಿಳಿಯಬೇಕು.

1882ರಲ್ಲಿ ರಾಬರ್ಟ್ ಕಾಕ್ ಕಂಡುಹಿಡಿದ ಈ ಕ್ರಿಮಿಯು ಉಸಿರಿನೊಡನೆ ಶ್ವಾಸಕೋಶವನ್ನು ಸೇರುತ್ತದೆ. ಅಲ್ಲಿ ಕಾವಲಿರುವ ಭಕ್ಷಕ ಕಣಗಳು ಅದನ್ನು ನುಂಗುತ್ತವೆ, ಆದರೆ ಅರಗಿಸಲಾರವು. ಕ್ರಿಮಿಯು ಕಾವಲುಗಾರನ ಹೊಟ್ಟೆಯಲ್ಲಿಯೇ ಬಿಡಾರ ಹೂಡಿ ಬೆಳೆಯುತ್ತದೆ. ಆಗ 'ಟಿ' ಕಣಗಳೆಂಬ ಬಿಳಿ ರಕ್ತಕಣಗಳು ಬಂದು, ಇಂಟರ್‌ಫೆರಾನ್ ಗಾಮಾ ಎಂಬ ದ್ರವ್ಯವನ್ನು ಸ್ರವಿಸಿ ಭಕ್ಷಕ ಕಣಗಳನ್ನು ಹುರಿದುಂಬಿಸುತ್ತವೆ. ಅದರಿಂದ ಅವುಗಳಿಗೆ ಕ್ರಿಮಿಯನ್ನು ಕೊಲ್ಲುವ ಬಲ ಬರುತ್ತದೆ. ಅಳಿದುಳಿದ ಕ್ರಿಮಿಗಳನ್ನು ಸುತ್ತುವರಿದು, ಗಂಟು ಕಟ್ಟಿ ಸೆರೆಯಲ್ಲಿಡುತ್ತವೆ. ಈ ದ್ರವ್ಯವನ್ನು ತಯಾರಿಸಲಾರದ ಇಲಿಗಳು ಸೋಂಕಿಗೆ ಬೇಗನೆ ಬಲಿಯಾಗುವುದನ್ನು 1993ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು.

1996ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗವು ನಮಗೆ ಮತ್ತೂ ಹತ್ತಿರದ್ದು. ಜಾನ್ ಚಾನ್ ಮತ್ತು ಸಂಗಡಿಗರು ಇಲಿಗಳ ಆಹಾರದಲ್ಲಿ ಪ್ರೋಟೀನನ್ನು ನೂರಕ್ಕೆ 2 ಪಾಲಿಗೆ ಇಳಿಸಿದರು. ಹೊಟ್ಟೆ ತುಂಬ ಉಂಡ ಇಲಿಗಳು ತಡೆದುಕೊಂಡ ಸೋಂಕು ಇವನ್ನು ಕೊಂದಿತು. ಆಹಾರವನ್ನು ಮೊದಲಿನಂತೆ ಕೊಟ್ಟಾಗ ರೋಗವನ್ನು ಎದುರಿಸುವ ಶಕ್ತಿಯೂ ಮರಳಿತು. ಸೈನ್ಯವಿದ್ದರೆ ಸಾಲದು, ಸೈನ್ಯಕ್ಕೆ ಊಟವೂ ಬೇಕು.

ಇಲಿಯ ಮಾತು ಮನುಷ್ಯನಿಗೆ ಸಲ್ಲುವುದೇ? ಸಲ್ಲುವುದೆಂದು ತೋರಿಸಿದವರು ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಸಹೋದ್ಯೋಗಿಗಳು. ಝಾರ್ಖಂಡದಲ್ಲಿ ರೋಗಿಗಳ ಮನೆಮಂದಿ 10,345 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ತಿಂಗಳು ತಿಂಗಳು ಅಕ್ಕಿ, ಬೇಳೆ, ಜೀವಸತ್ವದ ಗುಳಿಗೆಗಳನ್ನು ಕೊಟ್ಟರು. ಆ ಗುಂಪಿನಲ್ಲಿ ಹೊಸದಾಗಿ ಕ್ಷಯ ಹತ್ತಿದ ಪ್ರಮಾಣವು ನೂರಕ್ಕೆ 39ರಷ್ಟು ಕಡಿಮೆಯಾಯಿತೆಂದು 2023ರಲ್ಲಿ ಪ್ರಕಟಿಸಿದರು.

ರೋಗಿಯ ಪೋಷಣೆಗೆ ಸರಕಾರವು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದು, 2024ರ ನವೆಂಬರಿನಿಂದ 1,000ಕ್ಕೆ ಏರಿಸಿತು. ಅದು ಒಳ್ಳೆಯದೇ. ಆದರೆ ರೋಗಿಯ ಪಕ್ಕದಲ್ಲಿ ಚಾಪೆ ಹಾಸಿದವನ ಗತಿಯೇನು? ಝಾರ್ಖಂಡದ ಪಾಠವಿರುವುದು ಅವನ ವಿಷಯದಲ್ಲಿಯೇ. ನೂರಾರು ಮಂದಿಗೆ ಬಡಿಸಿದ ಮಾಣಿ ಹೊತ್ತು ಮೀರಿ ತಿಳಿಸಾರು ಕಲಸಿದ ಅನ್ನವುಂಡು ಮಲಗುತ್ತಾನೆ. ಊರಿಗೆ ಹಣ ಕಳುಹಿಸಬೇಕೆಂದು ಗುಮಾಸ್ತನು ರಾತ್ರಿಯ ಊಟವನ್ನು ಚಹಾ-ಬನ್ನಿನಲ್ಲಿ ಮುಗಿಸುತ್ತಾನೆ. ಇಂಥ ಉಳಿತಾಯ ಬಹಳ ದುಬಾರಿಯದು.

ಊಟವೇ ಔಷಧವೆಂದು ಯಾರೂ ತಿಳಿಯಬಾರದು. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫದ ಪರೀಕ್ಷೆ ಮಾಡಿಸತಕ್ಕದ್ದು. ನಗರಪಾಲಿಕೆಯ ದವಾಖಾನೆಗಳಿವೆ, ಮಾಟುಂಗದಿಂದ ದೂರವಲ್ಲದ ಶಿವಡಿಯಲ್ಲಿ ಕ್ಷಯದ ದೊಡ್ಡ ಆಸ್ಪತ್ರೆಯೇ ಇದೆ. ಹಿಡಿದ ಔಷಧವನ್ನು ವೈದ್ಯರು ಸಾಕೆನ್ನುವವರೆಗೆ ಬಿಡಬಾರದು. ನಡುವೆ ಬಿಟ್ಟರೆ ಕ್ರಿಮಿಯು ಮದ್ದಿಗೆ ಬಗ್ಗದಂತಾಗುತ್ತದೆ.

ಹೋಟೆಲು ಧಣಿಗಳಲ್ಲಿ ನಮ್ಮದೊಂದು ವಿನಂತಿ. ಕೆಮ್ಮಿದವನನ್ನು ಊರಿಗೆ ಅಟ್ಟಿದರೆ ಉಳಿದವರು ಕೆಮ್ಮನ್ನು ಮುಚ್ಚಿಡಲು ಕಲಿಯುತ್ತಾರೆ. ರೋಗ ಕೋಣೆಯಲ್ಲಿಯೇ ಉಳಿಯುತ್ತದೆ. ಅವನಿಗೆ ಚಿಕಿತ್ಸೆಯ ಕಾಲಕ್ಕೆ ರಜೆ, ಗುಣವಾದ ಮೇಲೆ ಅದೇ ಕೆಲಸ, ಎಲ್ಲರಿಗೂ ಗಾಳಿಯಾಡುವ ಕೋಣೆ, ದಿನವೂ ಬೇಳೆ, ಕಾಳು, ಮಜ್ಜಿಗೆಯ ಊಟ — ಇಷ್ಟನ್ನು ಒದಗಿಸುವುದು ಅನ್ನವನ್ನೇ ಮಾರಿ ಬದುಕುವ ನಮಗೆ ಅಸಾಧ್ಯವೇನಲ್ಲ.