ಬಾಗಿಲಿಗೆ ಅಡ್ಡ ಕೂತವರು

2003ರ ಜುಲೈನಲ್ಲಿ ಘಾನಾದ ಅಕ್ರಾದಲ್ಲಿ ಲೈಬೀರಿಯಾದ ಅಂತರ್ಯುದ್ಧ ನಿಲ್ಲಿಸುವ ಶಾಂತಿ ಮಾತುಕತೆ ವಾರಗಟ್ಟಲೆ ಎಳೆದಾಡುತ್ತಿತ್ತು. ಬಂಡುಕೋರ ನಾಯಕರು ಹೋಟೆಲುಗಳಲ್ಲಿ ತಂಗಿ, ಮುಂದಿನ ಸರ್ಕಾರದ ಹುದ್ದೆಗಳಿಗೆ ಚೌಕಾಸಿ ನಡೆಸಿದ್ದರು. ಆಗ ಲೈಬೀರಿಯಾದ ಶಾಂತಿ ಹೋರಾಟಗಾರ್ತಿ ಲೇಮಾ ಗ್ಬೋವೀ ನೇತೃತ್ವದ ಮಹಿಳೆಯರು ತೋಳಿಗೆ ತೋಳು ಹೆಣೆದು ಸಭಾಂಗಣದ ಬಾಗಿಲಿಗೆ ಅಡ್ಡ ಕೂತರು, ಒಳಗಿದ್ದವರನ್ನು ಹೊರಬಿಡಲಿಲ್ಲ. ಆಗಸ್ಟ್ 18ಕ್ಕೆ ಒಪ್ಪಂದವಾಯಿತು. ರಾಜಧಾನಿ ಮನ್ರೋವಿಯಾ ಮೇಲಿನ ಮುತ್ತಿಗೆ, ಅಧ್ಯಕ್ಷ ಚಾರ್ಲ್ಸ್ ಟೇಲರ್ ಪದತ್ಯಾಗ, ನೆರೆ ದೇಶಗಳ ಒತ್ತಡ ಇವೆಲ್ಲ ಕಾರಣವೇ. ಶ್ರೇಯವೆಲ್ಲ ಧರಣಿಯದಲ್ಲ, ನಿಜ. ಆದರೆ ಶಾಂತಿ ಸಂಧಾನದಲ್ಲಿ ಮಹಿಳೆಯರಿಗೆ ಪಾಲಿರಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2000ದಲ್ಲೇ 1325ನೇ ನಿರ್ಣಯದಲ್ಲಿ ಹೇಳಿತ್ತು. ಮೂರು ವರ್ಷದ ಬಳಿಕವೂ ಅವರು ನೆಲದ ಮೇಲೆ ಕೂತೇ ಮಾತಾಡಬೇಕಾಯಿತು.

ಹೆಣ್ಣಾದ ಮಾತ್ರಕ್ಕೆ ಶಾಂತಿಪ್ರಿಯಳೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಯುದ್ಧ ನಡೆಸಿದ ಪ್ರಧಾನಿಗಳಲ್ಲಿ ಮಹಿಳೆಯರೂ ಇದ್ದಾರೆ. ಇಲ್ಲಿನ ವಾದ ಸ್ವಭಾವದ್ದಲ್ಲ, ಹಿತಾಸಕ್ತಿಯದು. ಬಂದೂಕು ಹಿಡಿದವರಷ್ಟೇ ಮೇಜಿನ ಸುತ್ತ ಸೇರಿದರೆ ಅಧಿಕಾರ ಹಂಚಿಕೆಯ ಮಾತೇ ಮುಗಿಯುವುದಿಲ್ಲ. ಅತ್ಯಾಚಾರಕ್ಕೊಳಗಾದವರು, ಸೈನಿಕರಾಗಿಸಿದ ಮಕ್ಕಳು, ಊರಿಗೆ ಮರಳುವ ನಿರಾಶ್ರಿತರು ಕಾರ್ಯಸೂಚಿಯ ಕೊನೆಗೆ ಸರಿಯುತ್ತಾರೆ. 2007ರಲ್ಲಿ ಅದೇ ಲೈಬೀರಿಯಾಕ್ಕೆ ಶಾಂತಿಪಾಲನೆಗೆಂದು ಮಹಿಳೆಯರದೇ ಪೊಲೀಸ್ ತುಕಡಿ ಕಳಿಸಿ ಭಾರತ ಹೆಸರು ಗಳಿಸಿತು. ಕಾವಲಿಗೆ ಯೋಗ್ಯರೆನಿಸಿದವರನ್ನು ಒಪ್ಪಂದದ ಕರಡು ಸಿದ್ಧವಾಗುವ ಕೋಣೆಗೂ ಕಳಿಸಲು ದೆಹಲಿಗೆ ಅಡ್ಡಿ ಏನು?